ರೋಗ ಬಂದರೂ ತೆನೆ ಕಟ್ಟುವ ಗೋವಿನಜೋಳ: ಹೇಗೆ?

ಬ್ಯಾಡಗಿ ಹುಡುಗ:
ನಮ್ಮದು ಹಾವೇರಿ ಜಿಲ್ಲೆ, ನಾಲ್ಕು ಎಕರೆ ಗೋವಿನಜೋಳ. ಕೀನ್ಯಾದಲ್ಲಿ ಗೋವಿನಜೋಳಕ್ಕೆ ಬಂದ ‘ಮೇಜ್ ಲೀಥಲ್ ನೆಕ್ರೋಸಿಸ್’ ಅನ್ನುವ ವೈರಸ್ ರೋಗದ ಬಗ್ಗೆ ಓದುತ್ತಿದ್ದೆ. ಈಗ ಅಲ್ಲಿ ‘ಸಹಿಷ್ಣು’ ತಳಿಗಳು ಇವೆಯಂತೆ. ಸಹಿಷ್ಣು, ನಿರೋಧಕ ಎರಡೂ ಒಂದೇನಾ? ನಮ್ಮ ಬೀಜದಂಗಡಿಯವರು ಒಂದೇ ಅಂತಾರೆ.

ನೈವಾಶಾ ರಿಟರ್ನ್:
ಒಂದೇ ಅಲ್ಲ ತಮ್ಮಾ. ನಿರೋಧಕ ಗಿಡ ತನ್ನೊಳಗೆ ವೈರಸ್ ಬೆಳೆಯಲು ಬಿಡುವುದಿಲ್ಲ. ಸಹಿಷ್ಣು ಗಿಡಕ್ಕೆ ರೋಗ ಅಂಟುತ್ತದೆ, ಎಲೆ ಸ್ವಲ್ಪ ಬಿಳಿಚಿಕೊಳ್ಳುತ್ತದೆ, ಆದರೂ ಕಾಳು ಕಟ್ಟುತ್ತದೆ. ಜ್ವರ ಇದ್ದರೂ ಹೊಲಕ್ಕೆ ಹೋಗುವ ನಮ್ಮಜ್ಜನ ಹಾಗೆ!

2011ರಲ್ಲಿ ಕೀನ್ಯಾದ ಬೊಮೆಟ್ ಕಡೆ ಈ ರೋಗ ಕಾಣಿಸಿಕೊಂಡಿತು. ಒಂದಲ್ಲ, ಎರಡು ವೈರಸ್ ಜೊತೆಯಾಗಿ ಬರುತ್ತವೆ. ಒಂದನ್ನು ಥ್ರಿಪ್ಸ್ ಅನ್ನುವ ಸಣ್ಣ ಹುಳ ಮತ್ತು ದುಂಬಿ ಹರಡಿದರೆ ಇನ್ನೊಂದನ್ನು ಸಸ್ಯಹೇನು ಹರಡುತ್ತದೆ. ಒಂದೇ ಇದ್ದರೆ ಗಿಡ ಹೇಗೋ ಬದುಕುತ್ತದೆ. ಎರಡೂ ಸೇರಿದರೆ ಎಲೆ ಅಂಚಿನಿಂದ ಒಣಗಿ, ಸುಳಿ ಸತ್ತು, ತೆನೆ ಬರೀ ದಿಂಡಾಗಿ ಉಳಿಯುತ್ತದೆ. ಕೆಲವರ ಹೊಲ ಪೂರ್ತಿ ಹೋಯಿತು.

2013ರಲ್ಲಿ ಸಿಮಿಟ್ ಅನ್ನುವ ಅಂತರರಾಷ್ಟ್ರೀಯ ಗೋವಿನಜೋಳ-ಗೋಧಿ ಸಂಶೋಧನಾ ಸಂಸ್ಥೆಯವರು ಕೀನ್ಯಾದ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ನೈವಾಶಾದಲ್ಲಿ ತಾಕು ಮಾಡಿದರು. ನಾನು ಅಲ್ಲಿ ಮೂರು ವರ್ಷ ಇದ್ದೆ. ನನ್ನ ಕೆಲಸ ಏನು ಗೊತ್ತಾ? ಗಿಡಕ್ಕೆ ಬೇಕಂತಲೇ ರೋಗ ಅಂಟಿಸುವುದು. ರೋಗದ ಎಲೆ ರುಬ್ಬಿ, ಸೋಸಿ, ಕಾರ್ಬೊರಂಡಮ್ ಪುಡಿ ಬೆರೆಸಿ, ಬೆನ್ನಿಗೆ ಕಟ್ಟಿದ ಮೋಟಾರ್ ಸ್ಪ್ರೇಯರ್‌ನಲ್ಲಿ ಹೊಡೆಯುತ್ತಿದ್ದೆವು. ಆ ಪುಡಿ ಎಲೆಯನ್ನು ಗೀರುತ್ತದೆ, ಗೀರಿನಿಂದ ವೈರಸ್ ಒಳಗೆ ಹೋಗುತ್ತದೆ. ವಾರ ಬಿಟ್ಟು ಮತ್ತೊಮ್ಮೆ. ಆಮೇಲೆ ಸಾಲು ಸಾಲು ನಡೆದು ಗಿಡಗಳಿಗೆ ಅಂಕ ಹಾಕಬೇಕು. ಹೆಚ್ಚಿನವು ಫೇಲ್! ಸಾಯುವ ಗಿಡಗಳನ್ನೇ ದಿನವಿಡೀ ನೋಡಿ ನೋಡಿ ಸಂಜೆಗೆ ಮನಸ್ಸು ಮಂಕಾಗುತ್ತಿತ್ತು.

ಗಟ್ಟಿ ನಿಂತವುಗಳಲ್ಲಿ ಥಾಯ್ಲೆಂಡಿನ ಕೆಎಸ್23-6 ಅನ್ನುವ ತಳಿ ಒಂದು. ಅದರ 6ನೇ ಕ್ರೋಮೋಸೋಮಿನಲ್ಲಿ (ಡಿಎನ್‌ಎ ಇರುವ ಎಳೆ) ರೋಗ ತಡೆಯುವ ಗುಣ ಇದೆ. ಅದನ್ನು ಆಫ್ರಿಕಾದ ಒಳ್ಳೆ ತಳಿಗೆ ಕೂಡಿಸಿ, ಬಂದ ಸಸಿಯನ್ನು ಮತ್ತೆ ಮತ್ತೆ ಅದೇ ಒಳ್ಳೆ ತಳಿಗೆ ಕೂಡಿಸುತ್ತಾರೆ. ಗುಣ ಉಳಿದಿದೆಯಾ ಅಂತ ಸಸಿ ಇದ್ದಾಗಲೇ ಡಿಎನ್‌ಎ ನೋಡಿ ತಿಳಿಯಬಹುದು.

ಬಯಲುಸೀಮೆ ಅಕ್ಕ:
ಸಹಿಷ್ಣು ಗಿಡದೊಳಗೆ ವೈರಸ್ ಇದ್ದೇ ಇರುತ್ತದೆ ಅಂದಮೇಲೆ ಪಕ್ಕದ ಹೊಲದ ಗತಿ?

ನೈವಾಶಾ ರಿಟರ್ನ್:
ಸರಿಯಾಗಿ ಹಿಡಿದಿರಿ ಅಕ್ಕಾ. ಹುಳ ಅಲ್ಲಿಂದಲೇ ವೈರಸ್ ಹೊತ್ತು ಆ ಕಡೆ ಹಾರುತ್ತದೆ. ಅದಕ್ಕೇ ಅಲ್ಲಿ ತಳಿ ಒಂದನ್ನೇ ನಂಬುವುದಿಲ್ಲ. ವರ್ಷವಿಡೀ ಗೋವಿನಜೋಳವೇ ಹಾಕಬೇಡಿ, ನಡುವೆ ಬೀನ್ಸ್ ಅಥವಾ ಆಲೂಗಡ್ಡೆ ಹಾಕಿ ಅಂತ ರೈತರಿಗೆ ಹೇಳುತ್ತಾರೆ.

ಬ್ಯಾಡಗಿ ಹುಡುಗ:
ನಮ್ಮ ಮಾವನ ಮಗ ನೈರೋಬಿಯಲ್ಲಿದ್ದಾನೆ. ದೀಪಾವಳಿಗೆ ಬರುವಾಗ ಎರಡು ಕೆಜಿ ಬೀಜ ತರಿಸಲಾ?

ನೈವಾಶಾ ರಿಟರ್ನ್:
ಅಯ್ಯೋ, ಬೇಡವೇ ಬೇಡ! ಆ ವೈರಸ್ ಬೀಜದ ಮೂಲಕವೂ ಬರುತ್ತದೆ. ಪರ್ಮಿಟ್, ಕ್ವಾರಂಟೈನ್ ಇಲ್ಲದೆ ಬೀಜ ತರುವಂತೆಯೂ ಇಲ್ಲ. ಬೊಮೆಟ್ ಕಡೆ ಚಹಾಪುಡಿ ಬಲು ಚೆನ್ನಾಗಿರುತ್ತದೆ, ಅದನ್ನು ತರಿಸು.