ಪದಚರ್ಚೆ: ಗೇನ್, ಟೋನ್, ಕ್ಲಿಪ್ಪಿಂಗ್ – ಗಿಟಾರ್ ಪ್ರೀಆಂಪ್ ತಿದ್ದುವುದನ್ನು ಕನ್ನಡದಲ್ಲಿ ಹೇಳುವಾಗ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕಟ್ಟಿದ ಗಿಟಾರ್ ಪ್ರೀಆಂಪ್ ಪೆಡಲನ್ನು (ಗಿಟಾರಿನ ಸದ್ದು ಆಂಪ್ಲಿಫೈಯರಿಗೆ ಹೋಗುವ ಮುಂಚೆ ಅದನ್ನು ಹಿಗ್ಗಿಸುವ ಪುಟ್ಟ ಪೆಟ್ಟಿಗೆ) ತಿದ್ದಿ, ಅದರ ದನಿಯನ್ನು ಚೆನ್ನಾಗಿ ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಡಿಪ್ಲೊಮಾ ಓದುವ ಹುಡುಗ ಹುಡುಗಿಯರು ಓದಿಕೊಂಡು ತಾವೇ ಮಾಡುವಂತಿರಬೇಕು ಅನ್ನುವುದು ನನ್ನ ಆಸೆ. ಬಿಡಿಭಾಗಗಳ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್, ಪ್ರೀಸೆಟ್ ಎಲ್ಲ ಹಾಗೇ ಇರಲಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಆ ಹೆಸರು ಹೇಳಿದರೇ ಸಾಮಾನು ಸಿಗುವುದು. ನನಗೆ ತೊಡಕಾಗಿರುವುದು ಗೇನ್, ಟೋನ್, ಕ್ಲಿಪ್ಪಿಂಗ್ ಅನ್ನುವ ಮೂರು ಮಾತುಗಳಲ್ಲಿ. ಕಿವಿಗೆ ಕೇಳುವುದನ್ನು ಹೇಳುವ ಮಾತುಗಳು ಇವು. ಇವನ್ನು ಸುಮ್ನೆ ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ, ಮೊದಲ ಸಲ ಓದುವವರಿಗೆ ಏನೂ ಕೇಳಿಸುವುದಿಲ್ಲ.

ಮೊದಲು ಸರ್ಕ್ಯೂಟ್ ಯಾವುದು ಅಂತ ಹೇಳುತ್ತೇನೆ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ ಎಲ್‌ಪಿಬಿ-1 ಅನ್ನುವ ಪುಟ್ಟ ಪೆಟ್ಟಿಗೆ ಮಾಡಿತು. ಪೂರ್ತಿ ಹೆಸರು ಲೀನಿಯರ್ ಪವರ್ ಬೂಸ್ಟರ್. ಒಂದೇ ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರು, ಎರಡು ಕೆಪಾಸಿಟರ್, ಒಂದು ವಾಲ್ಯೂಮ್, 9 ವೋಲ್ಟ್ ಬ್ಯಾಟರಿ. ಮನೆಯಲ್ಲಿ ಪೆಡಲ್ ಮಾಡುವವರು ಬಹಳ ಮಂದಿ ಇಲ್ಲಿಂದಲೇ ಶುರು ಮಾಡುತ್ತಾರೆ. ಎಲ್ಲರೂ ಬಳಸುವ ನಕ್ಷೆಯಲ್ಲಿ ಇರುವುದು 2ಎನ್5088 ಅನ್ನುವ ಟ್ರಾನ್ಸಿಸ್ಟರ್. ನಮ್ಮಲ್ಲಿ ಸುಲಭವಾಗಿ ಸಿಗುವ ಬಿಸಿ549 ಹಾಕಿದರೂ ನಡೆಯುತ್ತದೆ. ಆದರೆ ಇವೆರಡರ ಕಾಲುಗಳ ಸಾಲು ತಿರುಗುಮುರುಗು. ಹಾಗಾಗಿ ಟ್ರಾನ್ಸಿಸ್ಟರನ್ನು ತಿರುಗಿಸಿ ಕೂರಿಸಬೇಕು. ಅದರ ಕಲೆಕ್ಟರ್ ಕಾಲಿಗೆ 10 ಕಿಲೋ ಓಮ್ ರೆಸಿಸ್ಟರ್, ಎಮಿಟರ್ ಕಾಲಿಗೆ 390 ಓಮ್. ಬರುವ ಸದ್ದು ಇಲ್ಲಿ ಸುಮಾರು 20 ಪಟ್ಟು ಹಿಗ್ಗುತ್ತದೆ.

ಈ ವಾಕ್ಯ ಬರೆಯುವಾಗಲೇ ಮೊದಲ ಮಾತು ತಾನಾಗಿ ಬಂತು ನೋಡಿ. ಗೇನ್ ಅಂದರೆ ಒಳಗೆ ಹೋದದ್ದು ಎಷ್ಟು ಪಟ್ಟಾಗಿ ಹೊರಗೆ ಬಂತು ಅನ್ನುವುದು. ‘ಲಾಭ’ ಅಂತ ಬರೆದರೆ ವ್ಯಾಪಾರದ ಲೆಕ್ಕ ಕಣ್ಣಿಗೆ ಬರುತ್ತದೆ. ‘ವರ್ಧನೆ’ ಅಂದರೆ ಅರ್ಥವಾಗುತ್ತದೆ ನಿಜ, ಆದರೆ ಅದರಲ್ಲಿ ‘ಎಷ್ಟು’ ಅನ್ನುವ ಲೆಕ್ಕ ಇಲ್ಲ. ‘ಪಟ್ಟು’ ಅಂದರೆ ಆ ಲೆಕ್ಕ ಮಾತಿನೊಳಗೇ ಇದೆ. ‘ಈ ಪೆಡಲಿನ ಪಟ್ಟು 20’, ‘ಎಮಿಟರಿನ ಓಮ್ ಇಳಿಸಿದರೆ ಪಟ್ಟು ಏರುತ್ತದೆ’ ಅಂತ ಬರೆದು ನೋಡಿದೆ. ನನ್ನ ಕಿವಿಗೆ ಸರಿ ಅನ್ನಿಸಿತು. ಕುಸ್ತಿಯ ಪಟ್ಟು, ಹಣೆಗೆ ಹಾಕುವ ಪಟ್ಟು, ಪಟ್ಟು ಹಿಡಿಯುವುದು ಎಲ್ಲ ಇವೆ, ಆದರೆ ಅವು ಇಲ್ಲಿ ಅಡ್ಡ ಬರಲಾರವು. ನನಗಿರುವ ಅನುಮಾನ ಬೇರೆ. ನಾವು ಪಟ್ಟು ಅನ್ನುವುದನ್ನು ಯಾವಾಗಲೂ ಅಂಕಿಯ ಜೊತೆಗೇ ಹೇಳುತ್ತೇವೆ, ಎರಡು ಪಟ್ಟು, ನೂರು ಪಟ್ಟು ಅಂತ. ಅದನ್ನು ಒಂಟಿಯಾಗಿ ನಿಲ್ಲಿಸಿ ‘ಪಟ್ಟು ಜಾಸ್ತಿ ಮಾಡಿ’ ಅಂದರೆ ಓದುವವರು ತಡವರಿಸುತ್ತಾರಾ?

ಗೇನಿಗೆ ಬೇರೆ ಮಾತು ಬೇಕೇ ಬೇಕು ಅನ್ನುವುದಕ್ಕೆ ಕಾರಣವಿದೆ. ನಮ್ಮ ಆಡುಮಾತಿನಲ್ಲಿ ಗೇನ್ ಏರಿಸಿದರೂ ‘ಸೌಂಡ್ ಜಾಸ್ತಿ’, ವಾಲ್ಯೂಮ್ ಏರಿಸಿದರೂ ‘ಸೌಂಡ್ ಜಾಸ್ತಿ’. ಪೆಡಲಿನಲ್ಲಿ ಇವೆರಡೂ ಬೇರೆ ಬೇರೆ ಕಡೆ ಕೂತಿರುತ್ತವೆ. ವಾಲ್ಯೂಮ್ ಇರುವುದು ಟ್ರಾನ್ಸಿಸ್ಟರ್ ದಾಟಿದ ಮೇಲೆ. ಗೇನ್ ಇರುವುದು ಎಮಿಟರಿನಲ್ಲಿ. 390 ಓಮಿಗೆ ಅಡ್ಡಲಾಗಿ 47 ಮೈಕ್ರೋಫ್ಯಾರಡಿನ ಕೆಪಾಸಿಟರು ಮತ್ತು 1 ಕಿಲೋ ಓಮಿನ ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಒಂದರ ಹಿಂದೆ ಒಂದು ಹಾಕಿದರೆ ಗೇನಿಗೆ ಒಂದು ಕಿವಿ, ಅಂದರೆ ತಿರುಗಿಸುವ ಗುಂಡಿ, ಸಿಗುತ್ತದೆ. ಅದನ್ನು ಹಿಂಡುತ್ತಾ ಹೋದರೆ 20ರ ಆಸುಪಾಸಿನಲ್ಲಿದ್ದದ್ದು ಲೆಕ್ಕದ ಪ್ರಕಾರ 150 ದಾಟುತ್ತದೆ. ಆಗ ವಾಲ್ಯೂಮ್ ಇಳಿಸಿಕೊಂಡರೆ ಕೋಣೆಯಲ್ಲಿ ಕೇಳುವ ಸದ್ದು ಮೊದಲಿನಷ್ಟೇ. ದನಿ ಮಾತ್ರ ಪೂರ್ತಿ ಬೇರೆ. ಎರಡಕ್ಕೂ ‘ಸೌಂಡ್’ ಅಂತಲೇ ಬರೆದರೆ ಈ ವ್ಯತ್ಯಾಸವನ್ನು ಹೇಳುವುದಕ್ಕೇ ಆಗುವುದಿಲ್ಲ.

ಪ್ರೀಆಂಪ್ ಅನ್ನು ‘ಪೂರ್ವವರ್ಧಕ’ ಮಾಡುವ ಯೋಚನೆಯನ್ನು ನಾನು ಬಿಟ್ಟಿದ್ದೇನೆ. ‘ಧ್ವನಿವರ್ಧಕ’ ಅಂದರೆ ನಮ್ಮ ಜನಕ್ಕೆ ಲೌಡ್‌ಸ್ಪೀಕರ್ ಅಂತಲೇ ರೂಢಿಯಾಗಿದೆ. ಅದರ ಪಕ್ಕದಲ್ಲಿ ಇನ್ನೊಂದು ವರ್ಧಕ ಬಂದರೆ ಗೊಂದಲ.

ಇನ್ನು ಟೋನ್, ಅಂದರೆ ಸದ್ದಿನ ಗುಣ. ಇದು ಜಾಸ್ತಿ ಕಷ್ಟ. ‘ಸ್ವರ’ ಅಂದರೆ ಸರಿಗಮದ ಕಡೆ ಹೋಗುತ್ತದೆ. ‘ಶ್ರುತಿ’ಯೂ ಹಾಗೇ. ‘ನಾದ’ ಚೆಂದದ ಮಾತು, ವೀಣೆ ತಂಬೂರಿ ನುಡಿಸುವವರು ‘ನಾದ ಚೆನ್ನಾಗಿದೆ’ ಅಂದಾಗ ಸರಿಯಾಗಿ ಟೋನ್ ಅನ್ನುವ ಅರ್ಥವೇ ಇರುತ್ತದೆ. ಆದರೆ ‘ನಾದ ಕೆಟ್ಟಿದೆ’ ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ನಾದ ಅಂದ ಕೂಡಲೇ ಒಳ್ಳೆಯದು ಅನ್ನುವ ಭಾವ ಸೇರಿಕೊಂಡುಬಿಡುತ್ತದೆ. ನನ್ನ ಒಲವು ‘ದನಿ’ಯ ಕಡೆಗೆ. ಮನುಷ್ಯರ ಗಂಟಲಿಗೆ ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ: ತುಂಬುದನಿ, ಕೀರಲು ದನಿ, ಗೊಗ್ಗರು ದನಿ, ಮೂಗುದನಿ, ಒಡಕು ದನಿ, ಕಂಚಿನ ಕಂಠ. ಗಿಟಾರಿನವರು ಇಂಗ್ಲಿಷಿನಲ್ಲಿ ಹೇಳುವ ಬಹುಪಾಲು ಗುಣಗಳಿಗೆ ಇಲ್ಲೇ ಹೆಸರಿದೆ. ನಡುವಿನ ಆವೃತ್ತಿಗಳು ಎದ್ದು ಕೇಳುವ ಪೆಡಲನ್ನು ‘ಮೂಗುದನಿ’ ಅಂದರೆ ಯಾರಿಗೂ ವಿವರಣೆ ಬೇಕಾಗದು, ಅಲ್ವಾ?

ಬಾಸ್, ಟ್ರೆಬಲ್‌ಗಳನ್ನು ಮಂದ್ರ, ತಾರ ಅಂತ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಮಂದ್ರ, ತಾರಗಳು ಸ್ಥಾಯಿಯ ಹೆಸರು. ಒಂದೇ ತಂತಿಯ ಒಂದೇ ಸ್ವರದೊಳಗೆ ಕೆಳಗಿನ ಅಂಶವೂ ಇರುತ್ತದೆ, ಮೇಲಿನ ಅಂಶವೂ ಇರುತ್ತದೆ. ಪೆಡಲು ಕತ್ತರಿಸುವುದು ಅಥವಾ ಬಿಡುವುದು ಆ ಅಂಶಗಳನ್ನು. ಇದೇ ಸರ್ಕ್ಯೂಟಿನಲ್ಲಿ ನೋಡಿ. ಒಳಬರುವ ಕಡೆಯ ಕೆಪಾಸಿಟರ್ 0.1 ಮೈಕ್ರೋಫ್ಯಾರಡ್, ಅಂದರೆ ಮೈಮೇಲೆ 104 ಅಂತ ಬರೆದಿರುವುದು. ಅದು ಸುಮಾರು 50 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ತಡೆಯುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಮಿಡಿಯುವುದು 82 ಹರ್ಟ್ಸ್‌ನಲ್ಲಿ, ಹಾಗಾಗಿ ಎಲ್ಲವೂ ಒಳಗೆ ಬರುತ್ತದೆ. 103, ಅಂದರೆ 0.01 ಮೈಕ್ರೋಫ್ಯಾರಡ್, ಹಾಕಿದರೆ ಗಡಿ 500 ಹರ್ಟ್ಸ್ ದಾಟುತ್ತದೆ, ದನಿ ತೆಳುವಾಗುತ್ತದೆ. 223 ಅಥವಾ 473 ಹಾಕಿದರೆ 104, 103 ಎರಡರ ನಡುವಿನ ದನಿ. ಹೀಗೆ ಬರೆಯುವಾಗ ‘ದಪ್ಪ ದನಿ, ತೆಳು ದನಿ’ ಸಾಕಾಯಿತು. ಮಂದ್ರ, ತಾರ ಬೇಕೇ ಆಗಲಿಲ್ಲ.

ಓದುವವರಿಗೆ ನಾನು ಖಂಡಿತ ತಿಳಿಸಬೇಕು ಅಂದುಕೊಂಡಿರುವ ಸಂಗತಿ ಇನ್ನೊಂದಿದೆ. ಪಟ್ಟು ಏರಿಸಿದರೆ ದನಿ ಮಂಕಾಗುತ್ತದೆ. ಈ ಸರ್ಕ್ಯೂಟಿನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲಿಗೆ ಅದು ಒಡ್ಡುವ ತಡೆ) ಮೊದಲೇ ಕಡಿಮೆ, ಸುಮಾರು 30 ಕಿಲೋ ಓಮ್. ಎಮಿಟರಿಗೆ ಕೆಪಾಸಿಟರ್ ಹಾಕಿ ಪಟ್ಟು ಏರಿಸಿದಾಗ ಅದು ಇನ್ನೂ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ತಂತಿಯ ಮಿಡಿತವನ್ನು ವಿದ್ಯುತ್ತಾಗಿ ಮಾಡುವ ಗಿಟಾರಿನ ಪಿಕಪ್ ಸಾವಿರಾರು ಸುತ್ತಿನ ಕಾಯಿಲ್. ಅದು ಇಷ್ಟು ಭಾರ ಎಳೆಯಲಾರದೆ ಮೇಲಿನ ಅಂಶಗಳನ್ನು ಕಳೆದುಕೊಳ್ಳುತ್ತದೆ. ಪಿಕಪ್ಪಿಗೂ ಈ ಸರ್ಕ್ಯೂಟಿಗೂ ನಡುವೆ ಟಿಎಲ್072 ಅನ್ನುವ ಆಪ್‌ಆಂಪ್ ಐಸಿ ಒಂದನ್ನು ಬಫರ್ (ಪಿಕಪ್ಪಿನ ಮೇಲೆ ಭಾರ ಬೀಳದಂತೆ ತಡೆಯುವ ಹಂತ) ಮಾಡಿ, ಅದರ ಇನ್‌ಪುಟ್ಟಿಗೆ 1 ಮೆಗಾ ಓಮ್ ಕೊಟ್ಟರೆ ದನಿಗೆ ಮತ್ತೆ ಹೊಳಪು ಬರುತ್ತದೆ. ‘ಮಂಕು’, ‘ಹೊಳಪು’ ಎರಡೂ ಕಣ್ಣಿನ ಮಾತುಗಳು. ದನಿಗೂ ಹೊಂದುತ್ತವೆ ಅಂತ ನನ್ನ ಅಭಿಪ್ರಾಯ.

ಕೊನೆಯದು ಕ್ಲಿಪ್ಪಿಂಗ್. ನನಗೆ ಅತ್ಯಂತ ಇಷ್ಟವಾದ ಭಾಗ ಇದು. 9 ವೋಲ್ಟ್ ಬ್ಯಾಟರಿಯಲ್ಲಿ ಸದ್ದಿನ ಅಲೆಗೆ ಮೇಲಕ್ಕೂ ಕೆಳಕ್ಕೂ ತಲಾ ಸುಮಾರು 4 ವೋಲ್ಟ್ ಜಾಗವಿರುತ್ತದೆ. ಪಿಕಪ್ಪಿನಿಂದ 0.2 ವೋಲ್ಟ್ ಬಂದರೆ 20 ಪಟ್ಟಿಗೆ ಆ ಜಾಗ ಮುಗಿಯಿತು. ಅದಕ್ಕಿಂತ ಜೋರಾಗಿ ಮೀಟಿದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಮೈಕ್ ಸೆಟ್ಟಿನಲ್ಲಿ ಹೀಗಾದರೆ ‘ಸೌಂಡ್ ಒಡೀತಿದೆ’ ಅನ್ನುತ್ತೇವೆ. ‘ವಿರೂಪ’ ಅನ್ನುವ ಮಾತೂ ಇದೆ. ಎರಡೂ ಇದನ್ನು ಕೇಡು ಅನ್ನುತ್ತವೆ. ಗಿಟಾರಿನವರಿಗೆ ಬೇಕಾಗಿರುವುದೇ ಅದು.

ಇಂಗ್ಲಿಷಿನಲ್ಲಿ ಸಾಫ್ಟ್, ಹಾರ್ಡ್ ಅಂತ ಎರಡು ಬಗೆ ಮಾಡುತ್ತಾರೆ. ಟ್ಯೂಬ್ ಸ್ಕ್ರೀಮರ್ ಜಾತಿಯ ಪೆಡಲಿನಲ್ಲಿ ಡಯೋಡುಗಳು ಆಪ್‌ಆಂಪಿನ ಫೀಡ್‌ಬ್ಯಾಕಿನಲ್ಲಿ (ಹೊರಬಂದದ್ದು ಮತ್ತೆ ಒಳಗೆ ಹೋಗುವ ದಾರಿಯಲ್ಲಿ) ಕೂತು ಅಲೆಯ ತುದಿಯನ್ನು ದುಂಡಗೆ ಮಾಡುತ್ತವೆ. ಅದೇ 1ಎನ್4148 ಡಯೋಡುಗಳನ್ನು ಹೊರಬರುವ ಕಡೆ ಗ್ರೌಂಡಿಗೆ ಕಟ್ಟಿದರೆ, 0.6 ವೋಲ್ಟ್ ಹತ್ತಿರ ಅಲೆ ನೇರವಾಗಿ ಕತ್ತರಿಸಿಹೋಗುತ್ತದೆ. ಇವಕ್ಕೆ ಕನ್ನಡದಲ್ಲಿ ಎರಡು ಬೇರೆ ಕ್ರಿಯಾಪದಗಳೇ ಇವೆ ಅಂತ ನನಗೆ ಹೊಳೆಯಿತು: ‘ಸವರು’, ‘ಕತ್ತರಿಸು’. ಬೇಲಿ ಸವರುತ್ತೇವೆ, ಕೊಂಬೆ ಸವರುತ್ತೇವೆ. ತುದಿ ಹೋಗುತ್ತದೆ, ಆದರೆ ಗಿಡ ಉಳಿಯುತ್ತದೆ. ಮೊದಲನೆಯದು ‘ನೆತ್ತಿ ಸವರುವ ಪೆಡಲು’, ಎರಡನೆಯದು ‘ನೆತ್ತಿ ಕತ್ತರಿಸುವ ಪೆಡಲು’. ಇದರಿಂದ ಬರುವ ದನಿಗೆ ‘ಒಡಕು’ ಅಂತಲೇ ಇಡೋಣ, ಒಡಕು ಜಾಸ್ತಿ, ಒಡಕು ಕಡಿಮೆ ಅಂತ ಹೇಳಿ ಹೇಳಿ ಅದರ ಕೆಟ್ಟ ಹೆಸರು ಹೋಗಲಿ.

ಸಂಗೀತದವರು ತಂತಿಯ ಝೇಂಕಾರಕ್ಕೆ ಹೇಳುವ ‘ಜವಾರಿ’ಯನ್ನು ಇಲ್ಲಿಗೆ ತರಬಹುದಾ ಅಂತಲೂ ಯೋಚಿಸಿದೆ. ಸಿತಾರ್, ತಾನ್‌ಪುರದಲ್ಲಿ ತಂತಿ ಅಗಲವಾದ ಕುದುರೆಗೆ (ತಂತಿಯನ್ನು ಹೊರುವ ಬ್ರಿಡ್ಜಿಗೆ) ತಾಗಿತಾಗದಂತೆ ಸವರಿಕೊಂಡು ಹೋಗಿ ಮೇಲಿನ ಅಂಶಗಳು ತುಂಬಿ ಬರುತ್ತವೆ. ಒಡಕಿನಲ್ಲೂ ಹೊಸ ಮೇಲಂಶಗಳು ಹುಟ್ಟುತ್ತವೆ. ಆದರೆ ಅಲ್ಲಿ ಕೆಲಸ ಮಾಡುವುದು ಮರ, ಮೂಳೆ, ತಂತಿ. ಅದನ್ನು ಅಲ್ಲೇ ಬಿಡುವುದು ಸರಿ.

ನನಗೆ ನಿಮ್ಮಿಂದ ಬೇಕಾಗಿರುವುದು ಇಷ್ಟು. ‘ಪಟ್ಟು’ ಅಂಕಿಯಿಲ್ಲದೆ ಒಂಟಿಯಾಗಿ ನಿಲ್ಲುತ್ತದಾ? ನಿಮ್ಮ ಊರಿನ ಮೈಕ್ ಸೆಟ್ಟಿನವರು, ರೇಡಿಯೋ ರಿಪೇರಿಯವರು ಗೇನಿಗೆ ಬೇರೆ ಏನಾದರೂ ಹೇಳುತ್ತಿದ್ದರೆ ದಯವಿಟ್ಟು ಅವರ ವಾಕ್ಯವನ್ನೇ ಬರೆಯಿರಿ. ‘ಸವರು’ ಬಗ್ಗೆ ಉತ್ತರ ಕರ್ನಾಟಕದವರು ಖಂಡಿತ ಹೇಳಬೇಕು. ತಲೆ ಸವರುವುದು, ಬೆಣ್ಣೆ ಸವರುವುದು ಅನ್ನುವಾಗ ಅದಕ್ಕೆ ಕತ್ತರಿಸುವ ಅರ್ಥವೇ ಇಲ್ಲ. ಗಿಡ ಸವರುವ ಬಳಕೆ ನಿಮ್ಮ ಕಡೆ ಇಲ್ಲದಿದ್ದರೆ ‘ನೆತ್ತಿ ಸವರುವ ಪೆಡಲು’ ಅಂದಾಗ ನಿಮಗೆ ಏನು ಕಾಣುತ್ತದೆ? ಅಲ್ಲಿ ಇದಕ್ಕೆ ಯಾವ ಮಾತು ನಡೆಯುತ್ತದೆ?