ಅಪ್‌ಡೇಟ್: ಕೊನೆಗೂ ಸುಣ್ಣವನ್ನೇ ಬಳಿಸಿದೆವು

ಧಾರವಾಡದ ನಮ್ಮ ಹಳೇ ಮನೆಗೆ ಪ್ಲಾಸ್ಟಿಕ್ ಇಲ್ಲದ ಬಣ್ಣ ಯಾವುದು ಅಂತ ಹಿಂದೆ ಇಲ್ಲೇ ನಿಮ್ಮನ್ನೆಲ್ಲ ಕೇಳಿದ್ದೆ. ಎಮಲ್ಷನ್‌ನಲ್ಲಿ, ಅಂದರೆ ಗೋಡೆಗೆ ಬಳಿಯೋ ಮಾಮೂಲಿ ಪೇಂಟ್‌ನಲ್ಲಿ, ಬಣ್ಣ ಹಿಡಿದಿಡೋ ಅಕ್ರಿಲಿಕ್ ಪ್ಲಾಸ್ಟಿಕ್ಕೇ ಎಂದು ನೀವೇ ತಿಳಿಸಿದ್ದಿರಿ. ಹಾಗಾಗಿ ಸುಣ್ಣ ಬಳಿಸಿದೆವು.

ಹಳೇ ಪೇಂಟ್ ಮೇಲೆ ಸುಣ್ಣ ನಿಲ್ಲೋದಿಲ್ಲ, ಅದನ್ನು ಕೆರೆಯೋಕೇ ನಾಲ್ಕು ದಿನ ಹಿಡಿಯಿತು. ಮನೆಯೆಲ್ಲ ಧೂಳು! ಬಳಿಯೋಕೆ ಬಂದವರು ಸುಣ್ಣಕ್ಕೆ ಬಿಳಿ ಗಮ್ ಸುರಿಯಲು ಹೊರಟಿದ್ದರು. ‘ಅಣ್ಣಾರ, ಅದೂ ಪ್ಲಾಸ್ಟಿಕ್ಕ ರೀ’ ಅಂದೆ. ನಕ್ಕು ಬಿಟ್ಟರು.

ಗೋಡೆ ತೋಯಿಸಿ, ತೆಳ್ಳಗೆ 3 ಕೋಟ್. ಹಸಿ ಇದ್ದಾಗ ಏನೂ ಕಾಣಲಿಲ್ಲ, ದುಡ್ಡು ಹೋಯ್ತು ಅಂದುಕೊಂಡೆ. ಒಣಗಿದ ಹಾಗೆ ಬೆಳ್ಳಗಾಯಿತು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಗಟ್ಟಿಯಾಗುತ್ತದೆ, ಅಲ್ವಾ. ಪಡಸಾಲೆಗೆ ಚೂರು ಕೆಮ್ಮಣ್ಣು ಬೆರೆಸಿದೆವು. ಒರಗಿದರೆ ಅಂಗಿಗೆ ಸ್ವಲ್ಪ ಹತ್ತುತ್ತದೆ, ನಿಜ. ‘ಮೊದಲೂ ಹತ್ತತಿತ್ತು’ ಅಂತಾಳೆ ಅವ್ವ.