‘ರಾಜಹಂಸ’ ಯಾವ ಹಕ್ಕಿಯ ಹೆಸರು?

ಮಾನ್ಯರೇ,

ಕೊಪ್ಪಳ ಜಿಲ್ಲೆಯ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿಯೂ, 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯನ್ನು ಸೇರಿದ ಅಂಕಸಮುದ್ರದ ಕೆರೆಯಲ್ಲಿಯೂ ಈ ಚಳಿಗಾಲದಲ್ಲಿ ತೆಗೆದ ಚಿತ್ರಗಳಿಗೆ ಅಡಿಬರಹ ಬರೆಯಲು ಕುಳಿತಾಗ ಈ ಪ್ರಶ್ನೆ ಎದುರಾಯಿತು. ಹಿನ್ನೀರು ಇಳಿದ ಕೆಸರಿನಲ್ಲಿ ಕೊಕ್ಕನ್ನು ತಲೆಕೆಳಗು ಮಾಡಿ ಮೇಯುತ್ತಿದ್ದ ಫ್ಲೆಮಿಂಗೊಗಳ ಚಿತ್ರದ ಕೆಳಗೆ, ಪತ್ರಿಕೆಗಳ ರೂಢಿಯಂತೆ, ನಾನು ‘ರಾಜಹಂಸ’ ಎಂದು ಬರೆದೆ. ಜೊತೆಗಿದ್ದ ನಿವೃತ್ತ ಸಂಸ್ಕೃತ ಮೇಷ್ಟ್ರು ಅದನ್ನು ಹೊಡೆದುಹಾಕಿ, ಪಕ್ಕದ ಚಿತ್ರದಲ್ಲಿದ್ದ ಪಟ್ಟೆತಲೆ ಹೆಬ್ಬಾತಿಗೆ ಆ ಹೆಸರನ್ನು ಕೊಟ್ಟರು.

ಅವರ ವಾದಕ್ಕೆ ಆಧಾರವಿದೆ. ಲ್ಯಾಟಿನ್ನಿನ ‘ಆನ್ಸರ್’, ಜರ್ಮನ್ನಿನ ‘ಗಾನ್ಸ್’ ಪದಗಳು ‘ಹಂಸ’ದ ದಾಯಾದಿಗಳು, ಎರಡರ ಅರ್ಥವೂ ಹೆಬ್ಬಾತು. ಮೇಘದೂತದ ರಾಜಹಂಸಗಳು ಮೋಡದ ಗುಡುಗು ಕೇಳಿ ಮಾನಸ ಸರೋವರಕ್ಕೆ ಹೊರಡುತ್ತವೆ. ಟಿಬೆಟ್ಟು, ಮಂಗೋಲಿಯಾಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ನಮ್ಮಲ್ಲಿಗೆ ಬರುವುದು ಇದೇ ಹೆಬ್ಬಾತು. (ನಮ್ಮ ಕಡೆಗೆ ಬಂದವು ಮಾತ್ರ ಮೋಡಕ್ಕೆ ಕಾಯದೆ, ಬಿಸಿಲೇರುವ ಹೊತ್ತಿಗೇ ಹಿಂದಿರುಗುತ್ತವೆ.)

ಆದರೆ ಅಮರಕೋಶವನ್ನು ತೆರೆದರೆ ತಕ್ಕಡಿ ಇತ್ತ ವಾಲುತ್ತದೆ. ಕೊಕ್ಕೂ ಕಾಲೂ ಕೆಂಪಾಗಿದ್ದು ಮೈ ಬಿಳಿಯಾಗಿರುವ ಹಂಸವೇ ರಾಜಹಂಸವೆಂಬುದು ಅಲ್ಲಿನ ಲಕ್ಷಣ. ಪಟ್ಟೆತಲೆ ಹೆಬ್ಬಾತಿನ ತಲೆ ಬಿಳಿ, ಅದರ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಮೈ ಬೂದು, ಕೊಕ್ಕು ಮತ್ತು ಕಾಲು ಹಳದಿ. ಫ್ಲೆಮಿಂಗೊದ ಮೈಯಾದರೋ ದೂರಕ್ಕೆ ಬಿಳಿಯಾಗಿಯೇ ಕಾಣುತ್ತದೆ, ಕಾಲು ನಸುಗೆಂಪು, ಕೊಕ್ಕೂ ಅದೇ ಬಣ್ಣ, ತುದಿ ಮಾತ್ರ ಕಪ್ಪು. ಹಾಲು ನೀರನ್ನು ಬೇರ್ಪಡಿಸುವ ಕಥೆಯೂ ಕೆಸರುನೀರನ್ನು ಕೊಕ್ಕಿನ ಜಾಲರಿಯಲ್ಲಿ ಸೋಸಿ ತಿನ್ನುವ ಈ ಹಕ್ಕಿಗೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ಅನ್ನಿಸಿತು. ಇದನ್ನು ಪುರಾವೆಯೆಂದು ಮಂಡಿಸುತ್ತಿಲ್ಲ. ದಮಯಂತಿಯ ಮುಂದೆ ಕ್ಯಾಲೆಂಡರ್ ಚಿತ್ರಗಳಲ್ಲಿ ನಿಲ್ಲುವ ನೀಳಗೊರಳಿನ ಬಿಳಿ ಸ್ವಾನ್ ಅಂತೂ ನಮ್ಮ ಕೆರೆಗಳ ಹಕ್ಕಿಯಲ್ಲ.

ಹೀಗೆ, ವಲಸೆಯನ್ನು ನೋಡಿದರೆ ಹೆಬ್ಬಾತು, ಬಣ್ಣವನ್ನು ನೋಡಿದರೆ ಫ್ಲೆಮಿಂಗೊ. ಹೆಬ್ಬಾವು, ಹೆಬ್ಬಾಗಿಲುಗಳ ಜಾಡಿನಲ್ಲಿ ಹುಟ್ಟಿದ ‘ಹೆಬ್ಬಾತು’ ಎಂಬ ಚೊಕ್ಕ ಕನ್ನಡ ಪದ ಇರುವಾಗ ಅದರ ಮೇಲೆ ‘ರಾಜಹಂಸ’ವನ್ನು ಹೇರುವ ಅಗತ್ಯವಿಲ್ಲ, ರೂಢಿಯಂತೆ ಅದು ಫ್ಲೆಮಿಂಗೊಗೇ ಇರಲಿ ಎಂಬುದು ಸದ್ಯಕ್ಕೆ ನನ್ನ ನಿಲುವು. ಮೇಷ್ಟ್ರು ಇನ್ನೂ ಒಪ್ಪಿಲ್ಲ.

ಪುಸ್ತಕದ ಹೊರಗಿನ ಹೆಸರುಗಳೂ ನನಗೆ ಬೇಕಾಗಿವೆ. ಮುನಿರಾಬಾದಿನ ಬಳಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರಿಗೆ ಕ್ಯಾಮೆರಾದ ಪರದೆಯಲ್ಲಿ ಎರಡೂ ಚಿತ್ರಗಳನ್ನು ತೋರಿಸಿದಾಗ, “ಇದು ಬಾತು, ಅದು ಕೊಕ್ಕರೆ, ಮತ್ತೇನ್ರಿ?” ಎಂದು ಬಲೆಯ ಕಡೆಗೆ ತಿರುಗಿದರು. ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳಲ್ಲಿ ಈ ಎರಡು ಹಕ್ಕಿಗಳನ್ನು ಬೇರೆ ಹೆಸರಿನಿಂದ ಕರೆಯುವುದನ್ನು ಕೇಳಿದವರು ದಯವಿಟ್ಟು ಆ ಪದವನ್ನೂ, ಕೇಳಿದ ಊರನ್ನೂ ತಿಳಿಸಬೇಕೆಂದು ಕೋರುತ್ತೇನೆ.